ಮನೆಯಲ್ಲಿ ಮ್ಯಾಚ್ ಪಾರ್ಟಿ: ಆಟ ನೋಡುವವರು ಯಾರು?

ವಿಶ್ವಕಪ್ ಫುಟ್ಬಾಲ್ ಬರುತ್ತಿದೆ. ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಕೆನಡಾ, ಮೆಕ್ಸಿಕೋದಲ್ಲಿ 48 ತಂಡಗಳು 104 ಪಂದ್ಯಗಳನ್ನು ಆಡಲಿವೆ. ವಾರ್ಷಿಕ ಪರೀಕ್ಷೆ ಇನ್ನೂ ಮುಂದಿದೆ, ಆದರೆ ನಮ್ಮ ಪ್ರಥಮ ಪಿಯು ವಾಣಿಜ್ಯ ವಿಭಾಗದಲ್ಲಿ ಈಗಲೇ ಅರ್ಜೆಂಟೀನಾ ಬೆಂಚು, ಬ್ರೆಝಿಲ್ ಬೆಂಚು, ಪೋರ್ಚುಗಲ್ ಬೆಂಚು ಎಂದು ವಿಂಗಡಣೆ ಆಗಿಬಿಟ್ಟಿದೆ. ಯಾರ ಮನೆಯಲ್ಲಿ ಮ್ಯಾಚ್ ಪಾರ್ಟಿ ಎನ್ನುವ ಚರ್ಚೆಯೂ ಶುರುವಾಗಿದೆ. ರೀಲ್ಸ್‌ನಲ್ಲಿ ಬರುವ ಪಾರ್ಟಿಗಳನ್ನು ನೀವೂ ನೋಡಿರುತ್ತೀರಿ. ನೆಲಕ್ಕೆ ಹಸಿರು ಮ್ಯಾಟ್, ಗೋಡೆಗೆ ಎಲ್‌ಇಡಿ ಪಟ್ಟಿ, ಮೇಜಿನ ಮೇಲೆ ಚೆಂಡಿನ ಆಕಾರದ ಕೇಕ್, ತಂಡದ ಬಣ್ಣದ ಶರಬತ್ತು. ನೋಡಲು ಚಂದವೇ. ನನಗೂ ಇಷ್ಟ.

ಆದರೆ ಆ ವಿಡಿಯೋ ನೋಡುವಾಗಲೆಲ್ಲ ನನ್ನ ಕಣ್ಣು ಹುಡುಕುವುದು ಕ್ಯಾಮೆರಾಕ್ಕೆ ಕಾಣದ ಒಂದು ಜಾಗವನ್ನು. ಆ ಕೇಕ್ ಎಲ್ಲಿಂದ ಬಂತು? ಬಿಸಿಬಿಸಿ ಸಮೋಸ ಹಿಡಿದು ಬಂದ ಕೈ ಯಾರದು? ಅವರು ಎಷ್ಟು ನಿಮಿಷದ ಆಟ ನೋಡಿದರು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಅರ್ಧ ಜನ ಅಡುಗೆಮನೆಯ ಬಾಗಿಲ ಹಿಂದೆ ಇದ್ದರೆ ಆ ಪಾರ್ಟಿ ಸ್ಟೈಲಿಶ್ ಅಲ್ಲ, ಎಷ್ಟು ಲೈಟು ಹಾಕಿದರೂ ಅಲ್ಲ. ಇದು ಕೇಳಿದ ಮಾತಲ್ಲ, ಆ ಬಾಗಿಲ ಹಿಂದೆ ನಿಂತು ಬರೆದದ್ದು.

2022ರ ಡಿಸೆಂಬರ್‌ನಲ್ಲಿ ನಾನು ಎಂಟನೇ ತರಗತಿ. ಕತಾರ್‌ನಲ್ಲಿ ವಿಶ್ವಕಪ್. ಬಾಪ ಆಗ ದೋಹಾದಲ್ಲಿ ಕೆಲಸಕ್ಕಿದ್ದರು, ಹಾಗಾಗಿ ನಮ್ಮ ಮನೆಗೆ ಅದು ಸ್ವಂತ ಊರಿನ ಟೂರ್ನಿಯಂತೆ. ಸಮಯವೂ ನಮಗೆ ಬಹಳ ಅನುಕೂಲವಿತ್ತು. ದೊಡ್ಡ ಪಂದ್ಯಗಳಲ್ಲಿ ಹಲವು ರಾತ್ರಿ 8.30ಕ್ಕೆ, ಇಶಾ ನಮಾಝ್ ಮುಗಿಸಿ ಕುಳಿತರೆ ಸರಿ. ಅಣ್ಣ ಆಗ ಡಿಗ್ರಿ ಓದುತ್ತಿದ್ದ. ಡಿಸೆಂಬರ್ 10ರಂದು ಮೊರೊಕ್ಕೊ–ಪೋರ್ಚುಗಲ್ ಕ್ವಾರ್ಟರ್ ಫೈನಲ್‌ಗೆ ಏಳೆಂಟು ಗೆಳೆಯರನ್ನು ಮನೆಗೆ ಕರೆದ. 42ನೇ ನಿಮಿಷದಲ್ಲಿ ಎನ್-ನೆಸಿರಿ ಗೋಲ್‌ಕೀಪರನ ಕೈಗಿಂತ ಎತ್ತರಕ್ಕೆ ಹಾರಿ ತಲೆಯಿಂದ ಹೊಡೆದ ಗೋಲು ನಿಮಗೆಲ್ಲ ನೆನಪಿರಬಹುದು. 1–0. ಆಫ್ರಿಕಾದಿಂದ, ಅರಬ್ ದೇಶಗಳಿಂದ ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊದಲ ತಂಡ. ಆಟಗಾರರು ಮೈದಾನದಲ್ಲೇ ಸುಜೂದ್ ಮಾಡಿದರು. ಆಮೇಲೆ ಸೋಫಿಯಾನ್ ಬೂಫಲ್ ತನ್ನ ತಾಯಿಯನ್ನು ಮೈದಾನಕ್ಕೆ ಕರೆತಂದು ಅವರ ಕೈ ಹಿಡಿದು ಕುಣಿದ. ಹಾಲ್‌ನಲ್ಲಿ ಎಲ್ಲ ಹುಡುಗರೂ ಮಾಶಾ ಅಲ್ಲಾಹ್, ಮಾಶಾ ಅಲ್ಲಾಹ್ ಎಂದು ಚಪ್ಪಾಳೆ ತಟ್ಟಿದರು. ತಾಯಿ ಅಂದರೆ ಹೀಗೆ, ಮಗ ಅಂದರೆ ಹೀಗೆ ಎಂದು ಯಾರೋ ದೊಡ್ಡ ದನಿಯಲ್ಲಿ ಹೇಳಿದರು. ಅದೇ ದನಿ, ಅರ್ಧ ನಿಮಿಷವೂ ಆಗಿರಲಿಲ್ಲ, ಪರದೆಯ ಈಚೆಗೆ ಕೇಳಿತು: "ಕಟ್ಲೆಟ್ ಇನ್ನುಂಟಾ?"

ಉಮ್ಮ ಬಾಣಲೆಯ ಮುಂದೆ ಇದ್ದರು. ಬೂಫಲ್‌ನ ತಾಯಿಯನ್ನು ಅವರು ನೋಡಲಿಲ್ಲ.

ಆ ರಾತ್ರಿ ನನಗೆ ಏನೂ ಅನಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಸಿಟ್ಟು ಬಂದದ್ದು ಎಂಟು ದಿನ ಕಳೆದು, ಡಿಸೆಂಬರ್ 18ರ ಫೈನಲ್‌ಗೆ. ಅರ್ಜೆಂಟೀನಾ–ಫ್ರಾನ್ಸ್. ಆ ದಿನ ಅಣ್ಣ ಪಾರ್ಟಿಯನ್ನು ಭರ್ಜರಿ ಮಾಡಿದ. ಪ್ರೊಜೆಕ್ಟರ್ ಬಾಡಿಗೆಗೆ ತಂದ, ಮದುವೆಗೆ ಹಾಸುವ ಬಿಳಿ ಬಟ್ಟೆಯನ್ನು ಗೋಡೆಗೆ ಬಿಗಿದ, ಬಲೂನು, ಬಾವುಟ, ನೀಲಿ ಲೈಟು. ಹನ್ನೊಂದು ಜನ ಗೆಳೆಯರು, ಒಂದು ತಂಡ ಕಟ್ಟುವಷ್ಟು. ಒಳಗೆ ಉಮ್ಮ, ಅಜ್ಜಿ, ನಾನು. ಅಸರ್‌ ನಮಾಝ್ ಆದ ಮೇಲೆ ಶುರುವಾದ ಕೆಲಸ: ಚಿಕನ್ ಬೇಯಿಸಿ ಎಳೆ ಎಳೆ ಬಿಡಿಸುವುದು, ಸಮೋಸ ಮಡಚುವುದು, ಕಟ್ಲೆಟ್ ತಟ್ಟುವುದು, ಶರಬತ್ತಿಗೆ ಸಬ್ಜಾ ನೆನೆಹಾಕುವುದು.

ಆಟ 80 ನಿಮಿಷದವರೆಗೆ ಅರ್ಜೆಂಟೀನಾ ಕಡೆಗೇ ಇತ್ತು. ಮೆಸ್ಸಿಯ ಪೆನಾಲ್ಟಿ, ಡಿ ಮರಿಯಾನ ಗೋಲು, 2–0. ಮುಗಿಯಿತು ಎಂದುಕೊಂಡು ಹಾಲ್‌ನಿಂದ ಎರಡನೇ ಸುತ್ತಿನ ಕಟ್ಲೆಟ್‌ಗೆ ಆರ್ಡರ್ ಬಂತು. ಎಂಬಾಪೆ 97 ಸೆಕೆಂಡುಗಳ ಅಂತರದಲ್ಲಿ ಎರಡು ಗೋಲು ಹೊಡೆದಾಗ ನಾನು ಬ್ರೆಡ್ ಪುಡಿಯಲ್ಲಿ ಕಟ್ಲೆಟ್ ಹೊರಳಿಸುತ್ತಿದ್ದೆ. ತಮಾಷೆ ಏನೆಂದರೆ, ಆ ಸುದ್ದಿ ಹಾಲ್‌ಗಿಂತ ಮೊದಲು ಅಡುಗೆಮನೆಗೆ ಬಂತು. ಬಾಪ ದೋಹಾದ ಏಷ್ಯನ್ ಟೌನ್‌ನ ಕ್ರಿಕೆಟ್ ಮೈದಾನದಲ್ಲಿ, ಕಾರ್ಮಿಕರಿಗಾಗಿ ಹಾಕಿದ್ದ ದೊಡ್ಡ ಪರದೆಯ ಮುಂದೆ ನಿಂತಿದ್ದರು. ಉಮ್ಮನ ಫೋನ್ ಸ್ಪೀಕರ್‌ನಲ್ಲಿತ್ತು. ಅಣ್ಣನ ಪ್ರೊಜೆಕ್ಟರಿಗೆ ಆಟ ಬರುತ್ತಿದ್ದದ್ದು ಮೊಬೈಲ್ ಆ್ಯಪ್‌ನಿಂದ, ಅದು ನಿಜವಾದ ಆಟಕ್ಕಿಂತ ಅರ್ಧ ನಿಮಿಷದಷ್ಟು ಹಿಂದೆ ಓಡುತ್ತಿತ್ತು. ಬಾಪ "ಗೋಲ್!" ಎಂದು ಕೂಗಿದಾಗ ಐದು ಸಾವಿರ ರೂಪಾಯಿ ಖರ್ಚು ಮಾಡಿದ ಹಾಲ್‌ನಲ್ಲಿ ಎಲ್ಲರೂ ಸುಮ್ಮನೆ ಶರಬತ್ತು ಕುಡಿಯುತ್ತಿದ್ದರು.

ಕೇಳಿದೆವು, ನೋಡಲಿಲ್ಲ. ಹೆಚ್ಚುವರಿ ಸಮಯಕ್ಕೆ ಹನ್ನೆರಡು ಚಹಾ ಹೋಯಿತು. 3–3. ಪೆನಾಲ್ಟಿ ಶೂಟೌಟ್‌ಗೆ ನಾನು ಬಾಗಿಲ ಸಂದಿಗೆ ಕಣ್ಣಿಟ್ಟೆ. ಬಿಳಿ ಬಟ್ಟೆಯ ಒಂದು ಬದಿ ಮಾತ್ರ ಕಾಣುತ್ತಿತ್ತು, ಗೋಲಿನ ಅರ್ಧ ಭಾಗ. ಮಾಂಟಿಯೆಲ್ ಓಡಿ ಬಂದದ್ದು ಕಂಡಿತು, ಚೆಂಡು ಹೋದದ್ದು ಕಾಣಲಿಲ್ಲ. ಹುಡುಗರು ಹಾರಿದ್ದು ನೋಡಿ ಅರ್ಜೆಂಟೀನಾ ಗೆದ್ದಿತು ಎಂದು ತಿಳಿಯಿತು. ಮೆಸ್ಸಿಗೆ ಕತಾರ್‌ನ ಅಮೀರರು ಬಿಶ್ತ್ ತೊಡಿಸಿದ್ದನ್ನು ನಾನು ನೋಡಿದ್ದು ಮರುದಿನ ಶಾಲೆಯ ಬಸ್ಸಿನಲ್ಲಿ, ಗೆಳತಿಯ ಮೊಬೈಲಿನಲ್ಲಿ. ವಿಶ್ವಕಪ್ ಇತಿಹಾಸದ ಶ್ರೇಷ್ಠ ಫೈನಲ್ ಎಂದು ಬಹಳ ಜನ ಹೇಳುವ ಆಟ ನಮ್ಮ ಮನೆಯೊಳಗೇ ನಡೆಯಿತು, ನಾನು ಮನೆಯೊಳಗೇ ಇದ್ದೆ.

ಈಗ ವಾಣಿಜ್ಯ ಓದುತ್ತಿರುವುದರಿಂದ ಒಂದು ಲೆಕ್ಕ. ಅಣ್ಣನ ಪಾರ್ಟಿಯ ಖರ್ಚು: ಪ್ರೊಜೆಕ್ಟರ್ ಬಾಡಿಗೆ 1,500, ಲೈಟು–ಬಲೂನು–ಬಾವುಟ 900, ಕೋಳಿ, ಎಣ್ಣೆ, ಮೈದಾ, ಶರಬತ್ತು ಇತ್ಯಾದಿ 2,600. ಒಟ್ಟು 5,000 ರೂಪಾಯಿ, ಗೆಳೆಯರು ಹಂಚಿಕೊಂಡರು, ಚೀಟಿಯಲ್ಲಿ ಬರೆದೂ ಇಟ್ಟರು. ಉಮ್ಮನ ಅಸರ್‌ನಿಂದ ನಡುರಾತ್ರಿಯವರೆಗಿನ ಎಂಟು ಗಂಟೆ ಆ ಚೀಟಿಯಲ್ಲಿ ಎಲ್ಲೂ ಇಲ್ಲ. ನಮ್ಮ ಲೆಕ್ಕಶಾಸ್ತ್ರದ ಮೇಷ್ಟ್ರು ಇಂಥ ಖಾತೆಗೆ ಎಷ್ಟು ಅಂಕ ಕೊಡುತ್ತಾರೋ ನೋಡಬೇಕು.

ಅಣ್ಣ ಕೆಟ್ಟವನಲ್ಲ. ಅವನು ಇದನ್ನು ಓದುತ್ತಾನೆ, ಆದ್ದರಿಂದಲೂ ಹೇಳುತ್ತಿದ್ದೇನೆ. ಅವನಿಗೆ ಕಾಣಲಿಲ್ಲ, ಅಷ್ಟೇ. ನಮ್ಮ ಕರಾವಳಿಯಲ್ಲಿ ಫುಟ್ಬಾಲ್ ಹುಚ್ಚು ಮೊದಲಿನಿಂದಲೂ ಬೀದಿಯದು, ಮೈದಾನದ್ದು. ಅದೇ ವರ್ಷ ಕೋಝಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿಯ 30 ಅಡಿಯ ಕಟೌಟ್ ನಿಂತಿತು, ಹಠಕ್ಕೆ ಬಿದ್ದ ಬ್ರೆಝಿಲ್ ಅಭಿಮಾನಿಗಳು ಪಕ್ಕದಲ್ಲೇ ನೇಮರ್‌ನ 40 ಅಡಿಯ ಕಟೌಟ್ ನಿಲ್ಲಿಸಿದರು. ಆ ಹುಚ್ಚು ಬೀದಿಯಿಂದ ಮನೆಯ ಹಾಲ್‌ಗೆ ಬರುವಾಗ ಬೀದಿಯ ನಿಯಮವನ್ನೂ ಜೊತೆಗೆ ತಂದಿತು: ನೋಡುವವರು ಗಂಡಸರು. ಮನೆಯಲ್ಲಿ ಮನೆಯವರೂ ಇರುತ್ತಾರೆ ಎಂದು ಅದಕ್ಕೆ ಹೊಳೆಯಲಿಲ್ಲ.

ನನ್ನ ಸರದಿ ಬಂದದ್ದು ಕಳೆದ ಬೇಸಿಗೆ ರಜೆಯಲ್ಲಿ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಕ್ಕೆ ಏನು ಬೇಕು ಎಂದು ಬಾಪ ಕೇಳಿದರು. ಬಕ್ರೀದ್‌ಗೆಂದು ರಜೆಯಲ್ಲಿ ಊರಿಗೆ ಬಂದಿದ್ದರು. ಮೇ 31ರ ಚಾಂಪಿಯನ್ಸ್ ಲೀಗ್ ಫೈನಲ್ ನಮ್ಮ ಮನೆಯಲ್ಲಿ, ನಾನು ಹೇಳಿದ ಹಾಗೆ, ಎಂದೆ. ಮ್ಯೂನಿಕ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಮತ್ತು ಇಂಟರ್ ಮಿಲಾನ್. ನಮ್ಮ ಗಡಿಯಾರದಲ್ಲಿ ಶನಿವಾರ ರಾತ್ರಿ 12.30. ಕರೆದದ್ದು ಉಮ್ಮ, ಬಾಪ, ಅಜ್ಜಿ, ಅಣ್ಣ, ಚಿಕ್ಕಮ್ಮ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳನ್ನು. ನನ್ನನ್ನೂ ಸೇರಿಸಿ ಎಂಟು ಜನ. ಒಂದೇ ನಿಯಮ: 12.15ಕ್ಕೆ ಒಲೆ ಆರಬೇಕು, ಕಪ್ ಎತ್ತುವವರೆಗೆ ಯಾರೂ ಅದನ್ನು ಹಚ್ಚುವಂತಿಲ್ಲ.

ಈ ನಿಯಮ ಒಂದಿದ್ದರೆ ಉಳಿದದ್ದೆಲ್ಲ ತಾನಾಗಿ ಬದಲಾಗುತ್ತದೆ. ಕರಿಯುವ ತಿಂಡಿಯನ್ನು ಆ ಕ್ಷಣದಲ್ಲಿ ಕರಿಯಬೇಕು, ಆದ್ದರಿಂದ ಅದು ಮೆನುವಿನಿಂದ ಹೊರಗೆ. ತಣ್ಣಗಿದ್ದರೂ ರುಚಿ ಕೆಡದ್ದು ಒಳಗೆ: ಸಂಜೆಯೇ ಮಾಡಿಟ್ಟ ಚಿಕನ್ ಸ್ಯಾಂಡ್‌ವಿಚ್, ಖರ್ಜೂರ, ಹೆಚ್ಚಿಟ್ಟ ಕಲ್ಲಂಗಡಿ, ದೊಡ್ಡ ಫ್ಲಾಸ್ಕಿನ ತುಂಬ ಸುಲೈಮಾನಿ. ಅರ್ಧವಿರಾಮಕ್ಕೆ ಚರುಮುರಿ. ವಿರಾಮ 15 ನಿಮಿಷ, ಈರುಳ್ಳಿ ಟೊಮೆಟೊ ಮೊದಲೇ ಹೆಚ್ಚಿದ್ದರೆ ಚರುಮುರಿ ಕಲಸಲು ಐದು ನಿಮಿಷ ಸಾಕು. ಕಲಸುವವನು ಅಣ್ಣ. ಉಪ್ಪು ಜಾಸ್ತಿ ಆಗಿತ್ತು, ಯಾರೂ ಹೇಳಲಿಲ್ಲ. ಒಟ್ಟು ಖರ್ಚು 1,140 ರೂಪಾಯಿ.

ಅಂದ ಬೇಡವೆಂದಲ್ಲ. ನಾನು ಎರಡು ದಿನ ಅದಕ್ಕಾಗಿಯೇ ತಲೆ ಕೆಡಿಸಿಕೊಂಡೆ. ನಮ್ಮದು 32 ಇಂಚಿನ ಟಿವಿ, ಎಂಟು ಜನ ಒಂದೇ ಸಾಲಿನಲ್ಲಿ ಕುಳಿತರೆ ಬದಿಯವರಿಗೆ ಕಾಣದು. ಕ್ರೀಡಾಂಗಣದ ಗ್ಯಾಲರಿಯ ಹಾಗೆ ಮೂರು ಮೆಟ್ಟಿಲು ಮಾಡಿದೆ: ಮುಂದೆ ನೆಲದಲ್ಲಿ ಹಾಸಿಗೆ, ಅದರ ಹಿಂದೆ ಸೋಫಾ, ಅದರ ಹಿಂದೆ ಊಟದ ಮೇಜಿನ ಎತ್ತರದ ಕುರ್ಚಿಗಳು. ಅಣ್ಣನ ಹಳೆಯ ಎಲ್‌ಇಡಿ ಪಟ್ಟಿಯನ್ನು ಟಿವಿಯ ಹಿಂಬದಿಗೆ ಅಂಟಿಸಿದೆ. ಬೆಳಕು ಗೋಡೆಗೆ ಬಿದ್ದು ಅಲ್ಲಿಂದ ಬಂದರೆ ಕತ್ತಲೆಯಲ್ಲಿ ಟಿವಿ ನೋಡುವ ಕಣ್ಣಿಗೆ ಆಯಾಸ ಕಡಿಮೆ. ಒಂದು ಬದಿಯ ದಿಂಬುಗಳಿಗೆ ಪ್ಯಾರಿಸ್‌ನ ಕಡುನೀಲಿ–ಕೆಂಪು ದುಪಟ್ಟಾ, ಇನ್ನೊಂದು ಬದಿಗೆ ಇಂಟರ್‌ನ ನೀಲಿ–ಕಪ್ಪು. ಅಜ್ಜಿಗೆ ಮಧ್ಯದ ಸೀಟು, ಕಾಲಿಗೆ ಮಣೆ. ಹೊಸದಾಗಿ ಕೊಂಡದ್ದು ಏನೂ ಇಲ್ಲ. ರೀಲ್ ಮಾಡಿದ್ದರೆ ಚೆನ್ನಾಗಿಯೇ ಬರುತ್ತಿತ್ತು, ಮಾಡಲು ಪುರುಸೊತ್ತಾಗಲಿಲ್ಲ.

ಇನ್ನೊಂದು ತಯಾರಿ ಎಲ್ಲಕ್ಕಿಂತ ಮುಖ್ಯವಾಗಿತ್ತು. ಸಂಜೆ ಚಹಾದ ಲೋಟಗಳನ್ನು ಮೇಜಿನ ಮೇಲೆ ಇಟ್ಟು ಉಮ್ಮನಿಗೂ ಅಜ್ಜಿಗೂ ಆಫ್‌ಸೈಡ್ ವಿವರಿಸಿದೆ. ಪಾಸ್ ಕೊಡುವ ಕ್ಷಣದಲ್ಲಿ ನಮ್ಮ ಆಟಗಾರ ಚೆಂಡಿಗಿಂತಲೂ ಮುಂದೆ, ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ಇರಬಾರದು. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಉಮ್ಮ ಎರಡು ಸಲ ಕೇಳಿದರು. ಅಜ್ಜಿ ಒಂದೇ ಸಲಕ್ಕೆ ಹೇಳಿದರು: "ಮದುವೆಮನೆಯಲ್ಲಿ ಕರೆಯುವ ಮೊದಲೇ ಹೋಗಿ ಸುಪ್ರದ ಮುಂದೆ ಕೂತವನ ಹಾಗೆ." ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ಕಾಮೆಂಟರಿಯಲ್ಲೂ ಕೇಳಿಲ್ಲ.

12ನೇ ನಿಮಿಷದಲ್ಲಿ ಹಕೀಮಿ ಗೋಲು ಹೊಡೆದ. ಹೊಡೆದು ಕುಣಿಯಲಿಲ್ಲ, ಇಂಟರ್ ಅಭಿಮಾನಿಗಳ ಕಡೆ ಎರಡೂ ಕೈ ಎತ್ತಿದ. ಉಮ್ಮ ಮೊದಲ ಬಾರಿಗೆ ಮುಂದಕ್ಕೆ ಬಾಗಿದರು. "ಗೋಲ್ ಹೊಡೆದವನು ಯಾಕೆ ಕ್ಷಮೆ ಕೇಳ್ತಾನೆ?" ಅವನು 2020–21ರಲ್ಲಿ ಅದೇ ಇಂಟರ್‌ಗೆ ಆಡಿ ಇಟಲಿಯ ಲೀಗ್ ಗೆದ್ದವನು ಎಂದೆ. "ಉಪ್ಪು ತಿಂದ ಮನೆ" ಎಂದರು ಉಮ್ಮ. ಹಕೀಮಿಯ ತಾಯಿ ಸ್ಪೇನ್‌ನಲ್ಲಿ ಮನೆಗಳ ಕ್ಲೀನಿಂಗ್ ಕೆಲಸ ಮಾಡಿ, ತಂದೆ ಬೀದಿಬದಿ ವ್ಯಾಪಾರ ಮಾಡಿ ಮಗನನ್ನು ಬೆಳೆಸಿದರು ಎಂಬುದನ್ನೂ ಹೇಳಿದೆ. ಅವನೇ ಸಂದರ್ಶನಗಳಲ್ಲಿ ಹೇಳಿಕೊಂಡ ಸಂಗತಿ. ಕತಾರ್‌ನಲ್ಲಿ ಗೆದ್ದಾಗ ಗ್ಯಾಲರಿಗೆ ಹೋಗಿ ತಾಯಿಯನ್ನು ಅಪ್ಪಿಕೊಂಡವನು ಇವನೇ ಎಂದಾಗ ಉಮ್ಮ ಕೇಳಿದರು, "ಅದು ನಮ್ಮ ಟಿವಿಯಲ್ಲಿ ಬಂದಿತ್ತಾ?" ಬಂದಿತ್ತು ಎಂದೆ. ಅಣ್ಣ ಚರುಮುರಿಯ ಪಾತ್ರೆ ನೋಡುತ್ತಾ ಕುಳಿತಿದ್ದ.

ಎಲ್ಲವೂ ಸರಿಯಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಕಳೆದ ವರ್ಷ ಮಳೆಗಾಲ ಮೇ ತಿಂಗಳಲ್ಲೇ ಬಂದಿತ್ತು. ಎರಡನೇ ಅರ್ಧದಲ್ಲಿ ಮಳೆ ಜೋರಾಗಿ ಡಿಶ್ ಸಿಗ್ನಲ್ ಹೋಯಿತು. ದಟ್ಟ ಮಳೆಹನಿ ಉಪಗ್ರಹದ ಅಲೆಗಳನ್ನು ತಡೆಯುತ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಬಾಪನ ಮೊಬೈಲಿನಲ್ಲಿ ಎಂಟು ತಲೆ ಸೇರಿಸಿ ನೋಡಲು ಹೋದೆವು, ಅದೂ ತಿರುಗುತ್ತಲೇ ಇತ್ತು. ಕ್ವಾರಟ್‌ಸ್ಕೆಲಿಯಾನ 73ನೇ ನಿಮಿಷದ ಗೋಲು ತಪ್ಪಿತು. ಕರಾವಳಿಯಲ್ಲಿ ಮಳೆಗಾಲದ ಪಾರ್ಟಿ ಮಾಡುವವರು ಇಂಟರ್‌ನೆಟ್‌ನಲ್ಲಿ ನೋಡುವ ವ್ಯವಸ್ಥೆಯನ್ನು ಮೊದಲೇ ಟಿವಿಗೆ ಜೋಡಿಸಿ ಪರೀಕ್ಷಿಸಿ ಇಡಬೇಕು. ವಿಶ್ವಕಪ್ ಇರುವುದೂ ಜೂನ್–ಜುಲೈಯಲ್ಲಿ. ಸಿಗ್ನಲ್ ವಾಪಸ್ ಬಂದಾಗ 4–0, ಮುಗಿದಾಗ 5–0. ಚಿಕ್ಕಮ್ಮ ನಿದ್ದೆ ಹೋಗಿದ್ದರು. ಉಮ್ಮ ಕಪ್ ಎತ್ತುವವರೆಗೂ ಕುಳಿತಿದ್ದರು.

ಇದನ್ನೆಲ್ಲ ಗೆಳತಿಯರಿಗೆ ಹೇಳಿದಾಗ ಒಬ್ಬಳು ಸರಿಯಾದ ಪ್ರಶ್ನೆ ಕೇಳಿದಳು. ನಿನ್ನದು ಮನೆಯವರ ಪಾರ್ಟಿ, ಅದು ಸುಲಭ. ಅಣ್ಣನ ಗೆಳೆಯರು ಬಂದಾಗ ಹೆಂಗಸರು ಒಳಗೇ ಇರುತ್ತೇವಲ್ಲ, ಆಗ? ಒಪ್ಪುತ್ತೇನೆ. ಆ ರೂಢಿಯ ಮೇಲೆ ನಾನು ಜಗಳ ತೆಗೆಯುತ್ತಿಲ್ಲ, ನಮ್ಮ ಮನೆಯಲ್ಲೂ ಅದು ಉಂಟು. ಆದರೆ ಒಳಗೆ ಎಂದರೆ ಅಡುಗೆಮನೆ ಎಂದು ಯಾರು ಹೇಳಿದ್ದು? ಒಳಕೋಣೆಯೂ ಒಳಗೇ ಅಲ್ಲವೇ? ಅಲ್ಲಿ ಒಂದು ಟ್ಯಾಬ್, ಒಂದು ಹಳೆಯ ಟಿವಿ ಇಡಬಹುದು. ತಿಂಡಿಯನ್ನು ಆಟಕ್ಕೆ ಮೊದಲೇ ಹಾಲ್‌ನ ಮೇಜಿಗೆ ಇಟ್ಟುಬಿಡಬಹುದು. ಹನ್ನೊಂದು ಹುಡುಗರಿಗೆ ಇಪ್ಪತ್ತೆರಡು ಕೈಗಳಿವೆ, ತಟ್ಟೆ ತೊಳೆಯಲು ಅಷ್ಟು ಸಾಕು.

ಬುಖಾರಿ ಹದೀಸ್ ಗ್ರಂಥದಲ್ಲಿರುವ ಒಂದು ಪ್ರಸಂಗವನ್ನು ನಾವೆಲ್ಲ ಮದ್ರಸದಲ್ಲಿ ಕೇಳಿದ್ದೇವೆ. ಈದ್ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಯ ಆಟ ಆಡುತ್ತಿದ್ದರು. ಪ್ರವಾದಿ(ಸ) ತಮ್ಮ ಮೇಲ್ವಸ್ತ್ರದಿಂದ ಮರೆ ಮಾಡಿ, ಆಯಿಶಾ(ರ) ಅವರಿಗೆ ನೋಡಿ ಸಾಕೆನಿಸುವವರೆಗೂ ನಿಂತೇ ಇದ್ದರು. ಮರೆಯೂ ಇತ್ತು, ಆಟವೂ ಪೂರ್ತಿ ಕಂಡಿತು. ಈ ಹದೀಸ್ ಹೇಳಿಕೊಟ್ಟ ಮನೆಗಳಲ್ಲೇ ನಾವು ಬಾಗಿಲ ಸಂದಿಯಲ್ಲಿ ಅರ್ಧ ಗೋಲು ನೋಡುತ್ತಿದ್ದೇವೆ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ.

"ಅವರಿಗೆ ಫುಟ್ಬಾಲ್‌ನಲ್ಲಿ ಆಸಕ್ತಿ ಇಲ್ಲ" ಎಂಬ ಮಾತಂತೂ ಬಹಳ ಹಳತು. ಉಮ್ಮನೂ ಹಾಗೇ ಹೇಳುತ್ತಿದ್ದರು, "ನನಗೇನು ಗೊತ್ತಾಗ್ತದೆ" ಎಂದು. ಹದಿನೈದು ವರ್ಷ ಯಾರೂ ಕೂರಿಸಿ ತೋರಿಸದ ಆಟದಲ್ಲಿ ಯಾರಿಗೆ ತಾನೇ ಆಸಕ್ತಿ ಬರುತ್ತದೆ? ತೋರಿಸಿದ ಮೇಲೂ ಬೇಡವೆಂದರೆ ಚಿಕ್ಕಮ್ಮನಂತೆ ಮಲಗಲಿ, ಅದು ಅವರ ಇಷ್ಟ. ನೋಡದಿರುವುದು ಅವರ ಆಯ್ಕೆಯಾಗಿದ್ದರೆ ನನಗೆ ತಕರಾರಿಲ್ಲ.

ಈ ಸಲದ ವಿಶ್ವಕಪ್ಪಿನ ಸಮಯ ಕತಾರ್‌ನಷ್ಟು ಸುಲಭವಲ್ಲ. ಹೆಚ್ಚಿನ ಪಂದ್ಯಗಳು ನಮಗೆ ನಡುರಾತ್ರಿಯಿಂದ ಬೆಳಗಿನ ನಡುವೆ. ಫೈನಲ್ ಜುಲೈ 20ರ ಸೋಮವಾರ ಬೆಳಗಿನ ಜಾವ 12.30ಕ್ಕೆ, ಬೆಳಿಗ್ಗೆ ಕಾಲೇಜು ಬೇರೆ. ನನ್ನ ಕಣ್ಣಿರುವುದು ಜೂನ್ 14ರ ಭಾನುವಾರದ ಮೇಲೆ: ಬ್ರೆಝಿಲ್–ಮೊರೊಕ್ಕೊ, ನಮಗೆ ಬೆಳಗಿನ 3.30. ಎರಡನೇ ಅರ್ಧದ ನಡುವೆ ಸುಬಹಿ ಬಾಂಗ್ ಆಗುತ್ತದೆ. ಬಾಂಗ್ ಮುಗಿಯುವವರೆಗೆ ಟಿವಿಯ ದನಿ ಬಂದ್. ಮಸೀದಿಗೆ ಹೋಗುವ ಬಾಪ ಮತ್ತು ಅಣ್ಣನಿಗೆ ಕೊನೆಯ ಹೊತ್ತಿನ ಆಟ ತಪ್ಪುತ್ತದೆ. ಮನೆಯಲ್ಲಿ ನಮಾಝ್ ಮಾಡುವ ನಮಗೆ ಸೂರ್ಯೋದಯಕ್ಕೆ ಇನ್ನೂ ಸಮಯ ಉಳಿಯುವುದರಿಂದ ಆಟ ಪೂರ್ತಿ ಸಿಗುತ್ತದೆ. ಅವರು ವಾಪಸ್ ಬಂದಾಗ ಏನಾಯಿತು ಎಂದು ಉಮ್ಮನನ್ನು ಕೇಳಬೇಕಾಗಬಹುದು. ಇನ್ನು ನೆರೆಮನೆಯ ಪುಟ್ಟ ಮಗು ಆ ಹೊತ್ತಿಗೆ ಮಲಗಿರುತ್ತದೆ, ಗೋಲು ಬಂದರೆ ಕೂಗುವಂತಿಲ್ಲ, ದಿಂಬು ಬಾಯಿಗೆ ಒತ್ತಿ ಕೂಗುವುದು ಎಂದು ತೀರ್ಮಾನವಾಗಿದೆ.

ಫ್ರಿಜ್ ಮೇಲೆ ಈಗಲೇ ಒಂದು ಚೀಟಿ ಅಂಟಿಸಿದ್ದೇನೆ. ಫ್ಲಾಸ್ಕ್ ತುಂಬಿಸುವುದು ನಾನು, ತಟ್ಟೆ ತೊಳೆಯುವುದು ಬಾಪ, ಅರ್ಧವಿರಾಮದ ತಿಂಡಿ ಅಣ್ಣ. ಮೂರೂವರೆಗೆ ಏಳಲು ತನ್ನಿಂದಾಗದು ಎಂದು ಅಣ್ಣ ಗೊಣಗುತ್ತಿದ್ದಾನೆ. ಉಮ್ಮನ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ಮೊನ್ನೆ ನೋಡಿದರೆ ಅವರೇ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಹಕೀಮಿ ಆಡ್ತಾನಾ ಕೇಳಬೇಕು."